ನೀರು ಕೇಳದ ಗಾಡಿ

ಗುಜರಿಯ ಪೀರ್‌ಸಾಬ್ ತೂಕಕ್ಕೆ ಕೊಟ್ಟ.
ಗಾಜಿಗೆ ಕಾಸಿಲ್ಲ, ತುಕ್ಕಿಗೆ ಮಾತ್ರ ಉಂಟು,
ಅದೂ ಕಬ್ಬಿಣವೇ ಅಲ್ಲವೇನಮ್ಮ ಅಂದ.
ಮುಳಬಾಗಿಲಿನ ಹಳೇ ಹೆದ್ದಾರಿಯ ಬದಿ
ಹುಣಸೆಮರದ ಕೆಳಗೆ ಇಪ್ಪತ್ತೆರಡು ವರ್ಷ
ಕೋಳಿಗಳು ಕಾವು ಕೂತಿದ್ದ ವ್ಯಾನು.
ಒಂದು ಕಾಲಕ್ಕೆ ಹಸಿರಿದ್ದಿರಬೇಕು,
ಬಾಗಿಲ ಸಂದಿಯಲ್ಲಿ ಬೆರಳಗಲ ಉಳಿದಿತ್ತು.

ಮೂತಿಯಲ್ಲಿ ಇಂಜಿನ್ ಇಲ್ಲ. ರೇಡಿಯೇಟರ್ ಎಲ್ಲೂ ಇಲ್ಲ.
"ಸಿಸ್ಟರ್, ಇದು ನೀರೇ ಕುಡಿಯೋದಿಲ್ಲ"
ಖಲೀಮುಲ್ಲಾ ಹಿಂದಿನ ಮುಚ್ಚಳ ಎತ್ತಿ ತೋರಿಸಿದ,
ತೊಟ್ಟಿಲ ಪರದೆ ಸರಿಸುವ ಹಾಗೆ:
ಆ ಕಡೆ ಎರಡು, ಈ ಕಡೆ ಎರಡು ಸಿಲಿಂಡರು,
ಅಂಗಾತ ಮಲಗಿ ಕೈಕಾಲು ಚಾಚಿ, ಮೇಲೊಂದು ಫ್ಯಾನು.
ಗಾಳಿ ಅಷ್ಟೇ. ಗಾಳಿ ಮತ್ತು ಎರಡೂವರೆ ಲೀಟರ್ ಎಣ್ಣೆ.

ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು ಅಂದೆ.
ಸಾವಿರದೈನೂರು ಅಡಿ ಇಳಿದೂ ದೂಳುಗುಳುವ ಬೋರು,
ಟ್ಯಾಂಕರಿನ ಹಾರನ್ನಿಗೆ ಒಲೆ ಬಿಟ್ಟು ಓಡುವ ಬೀದಿ.
ಇದೊಂದಾದರೂ ಕೊಡ ಹಿಡಿದು ಸಾಲಲ್ಲಿ ನಿಲ್ಲುವುದಿಲ್ಲ.

ನನ್ನದು ಹೆರಿಗೆ ವಾರ್ಡು, ರಾತ್ರಿ ಪಾಳಿ.
ಕೋಲಾರದಿಂದ ಮೊದಲ ಬಸ್ಸಿಗೆ ಬಂದು
ಬಟ್ಟೆ ಬದಲಿಸದೆ ಗ್ಯಾರೇಜಿಗೆ ಹೋಗುತ್ತೇನೆ.
ವಾಲ್ವಿನ ಸಂದು ನೋಡಬೇಕಾದ್ದು
ಇಂಜಿನ್ ಪೂರಾ ತಣ್ಣಗಿರುವಾಗ.
ಫೀಲರ್ ಗೇಜಿನ ತೆಳ್ಳನೆಯ ಎಲೆ
ಒಳಗೆ ತಡವರಿಸಬೇಕು, ಸಿಕ್ಕಿಕೊಳ್ಳಬಾರದು,
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಬಿಗಿಯಾದರೆ ಸುಟ್ಟುಹೋಗುತ್ತದೆ,
ಸಡಿಲಾದರೆ ಬರೀ ವಟವಟ.
ವಟವಟವೇ ವಾಸಿ ಅನ್ನುತ್ತಾನೆ ಖಲೀಮುಲ್ಲಾ.

ಮೂರನೆಯ ಸಿಲಿಂಡರಿನದೇ ಚಿಂತೆ.
ಅದರ ಮುಂದೆಯೇ ಎಣ್ಣೆ ತಣಿಸುವ ಕೂಲರ್ ಕೂತು
ತಾನುಂಡ ಗಾಳಿಯ ಎಂಜಲು ಕಳಿಸುತ್ತದೆ.
ಎಲ್ಲಕ್ಕಿಂತ ಮೊದಲು ಸುಡುವುದು ಅದು,
ಹೇಳುವುದು ಕೊನೆಗೆ.
ಅಂಥವರನ್ನು ನೋಡಿದ್ದೇನೆ,
ಕಿರುಚದ ಹಾಸಿಗೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತೇನೆ.
ಸ್ಕ್ರೂಡ್ರೈವರಿನ ತುದಿ ಅದರ ತಲೆಗಿಟ್ಟು
ಹಿಡಿಯನ್ನು ಕಿವಿಗೊತ್ತಿ ಕೇಳುವುದು
ನನಗೆ ಯಾರೂ ಕಲಿಸಬೇಕಿರಲಿಲ್ಲ.

ಬ್ಯಾಟರಿ ಕೂರುವ ತಗಡಿನ ತೂತಿನಿಂದ
ನೆಲ ಕಾಣುತ್ತಿತ್ತು, ಇರುವೆ ಸಾಲಿನ ಸಮೇತ.
ವೆಲ್ಡಿಂಗಿನ ಚೌಡಪ್ಪ ತೆಲುಗಿನಲ್ಲಿ ಬಯ್ಯುತ್ತ
ಕತ್ತರಿಸಿದ, ಗಟ್ಟಿ ಸಿಗುವ ತನಕ ಕತ್ತರಿಸಿದ.
ನಡುವೆ ಒಮ್ಮೆ ವ್ಯಾನೇ ಮುಗಿದುಹೋಗುತ್ತದೆ ಅನಿಸಿತು.
ಏಳುವ ಚಾವಣಿಗೆ ಶಾಮಿಯಾನದ ಬಟ್ಟೆ ಹೊಲಿಸಿದೆವು,
ಎತ್ತಿ ನಿಲ್ಲಿಸಿದರೆ ಒಳಗೆಲ್ಲ ಮದುವೆ ಮನೆಯ ಕೆಂಪು.

ಎಡ ಬಾಗಿಲ ಒಳಪಟ್ಟಿ ಬಿಚ್ಚಿದಾಗ
ಮಗುವಿನದೊಂದು ಉಣ್ಣೆಯ ಕಾಲುಚೀಲ, ಹಳದಿ.
ಯಾರೋ ಗಡಗಡ ಸದ್ದಿಗೆ ತುರುಕಿದ್ದು.
ಯಾವ ದೇಶದ್ದೋ. ಆ ಪಾದಕ್ಕೀಗ ಐವತ್ತು ದಾಟಿರಬೇಕು.
ಎಸೆಯಲು ಹೋದವನ ಕೈಯಿಂದ ಕಿತ್ತು,
ಒಗೆದು, ಕನ್ನಡಿಗೆ ನೇತುಹಾಕಿದೆ.

ಶ್ರಾವಣದ ಒಂದು ಭಾನುವಾರ ನಂಗಲಿ ಕಡೆ ಹೊರಟೆವು.
ಎಡ ಬಾಗಿಲು ದಾರಿಯುದ್ದ ಹಲ್ಲು ಕಟಕಟಿಸಿತು.
ಏರಿನಲ್ಲಿ ಕಾದ ಎಣ್ಣೆಯ ವಾಸನೆ. ನಿಲ್ಲಿಸಿದೆ.
ಟೊಮೆಟೊ ಲಾರಿಯವನೊಬ್ಬ ಇಳಿದು
ಕೇಳದೆಯೇ ಐದು ಲೀಟರ್ ಕ್ಯಾನು ತಂದ,
ಮೂತಿಯ ಸುತ್ತ ಎರಡು ಸಲ ಸುತ್ತಿದ.
"ಎಲ್ಲಿಗಕ್ಕ ಹಾಕೋದು?"
ಇಂಜಿನ್ನಿಗೆ ಬೇಡಪ್ಪ, ಇಲ್ಲಿ ಹಾಕು ಅಂತ
ಸ್ಟೌವಿನ ಮೇಲಿನ ಪಾತ್ರೆ ತೋರಿಸಿದೆ.

ಮೂವರೂ ಟೀ ಕುಡಿದೆವು, ಕೆಂಪು ಚಾವಣಿಯ ಕೆಳಗೆ.
ಲಾರಿಯವನು ಕಾಲುಚೀಲ ನೋಡಿ ಎಷ್ಟು ಮಕ್ಕಳು ಅಂದ.
ನಿನ್ನೆ ರಾತ್ರಿ ನಾಲ್ಕು, ಅಂದೆ.
ಅವನು ಹೋದ ಮೇಲೆ ಅದನ್ನು ಬಿಚ್ಚಿ
ಬಾಗಿಲಿನೊಳಗೆ, ಇದ್ದ ಜಾಗಕ್ಕೇ, ತುರುಕಿದೆ.

ಖಲೀಮುಲ್ಲಾ ಮೂರನೆಯದರ ಮೇಲೆ ಅಂಗೈ ಆಡಿಸಿ,
ಮುಟ್ಟದೆ,
ಇನ್ನೂ ಹತ್ತು ನಿಮಿಷ ಅಂದ.