ಎಫ್ ಬಾರದವರು

ಹದಿನಾರು ವರ್ಷದಿಂದ ಇದೇ ಕೋಣೆಯಲ್ಲಿ
ಎ ಫಾರ್ ಆ್ಯಪಲ್ ಹೇಳಿಸಿದವಳು ನಾನು,
ಭದ್ರಾವತಿಯಲ್ಲಿ ಸೇಬು ಕಾಯಿಲೆಯವರಿಗಷ್ಟೇ ಕೊಳ್ಳುವ ಹಣ್ಣು
ಎಂಬುದನ್ನು ಮಾತ್ರ ಹೇಳದೆ.
ಈ ಮೇ ತಿಂಗಳು ಅದೇ ಕೋಣೆಗೆ ನಾನು ದುಭಾಷಿ.

ನೀಲಿ ಟೀ ಶರ್ಟಿನ ಒಂಬತ್ತು ಜನ, ಕೊರಿಯಾದವರು,
ಎದೆಯ ಮೇಲೆ ಶಿಲುಬೆ, ಬೆನ್ನ ಮೇಲೆ ವಚನ,
ಸೂಟ್‌ಕೇಸಿನ ತುಂಬ ಸ್ಟಿಕ್ಕರು, ಬಣ್ಣದ ಪೆನ್ಸಿಲು.
ಎರಡು ವಾರದಲ್ಲಿ ಇಂಗ್ಲಿಷ್, ಅಂದರು ಪಾಸ್ಟರಯ್ಯ,
ನೀನು ಬರೀ ಪಕ್ಕದಲ್ಲಿ ನಿಂತಿರು ಎಸ್ತೇರಮ್ಮ.
ನಿಂತೆ.
ಸೀಮೆಸುಣ್ಣವಿಲ್ಲದ ಟೀಚರು
ಕೈಯನ್ನು ಎಲ್ಲಿಡಬೇಕು ಅಂತ ಯಾವ ಟ್ರೈನಿಂಗಿನಲ್ಲೂ ಹೇಳಿರಲಿಲ್ಲ.

ನನ್ನ ಪಾಲಿಗೆ ಬಂದವಳು ಹೇವನ್, ಇಪ್ಪತ್ತೊಂದು ವರ್ಷ.
ಮೊದಲ ದಿನವೇ ಚಂದ್ರಿಯ ಬಾಯಿ ತಿದ್ದಿದಳು:
ಬಸ್ಸು ಅಲ್ಲ, ಬಸ್. ಕೊನೆಗೆ ಬಾಲ ಬೇಡ.
ಸರಿ ಅಂದಳು ಚಂದ್ರಿ.
ಮರುದಿನ ಸೇತುವೆಯ ಹತ್ತಿರ ಸಿಟಿ ಬಸ್ಸು ಕಂಡು
ಹೇವನ್ನೇ ಕೂಗಿದಳು ತನ್ನವರಿಗೆ, ಬೊಸು, ಬೊಸು!
ಚಂದ್ರಿ ನನ್ನ ಮುಖ ನೋಡಿದಳು.
ನಾನು ಭದ್ರಾ ಹೊಳೆಯ ನೀರು ನೋಡಿದೆ.

ತಬಸ್ಸುಮಳ ತಾಯಿ ಮೂರು ದಿನ ಕಿಟಕಿಯ ಹೊರಗೆ ಕಾವಲು.
ಹಾಡು ಶುರುವಾಗುವ ಮುಂಚೆ ಮಗಳನ್ನು ಕರೆದೊಯ್ದು
ಹಾಡು ಮುಗಿದ ಮೇಲೆ ತಂದು ಬಿಡುವಳು.
ನಾಲ್ಕನೇ ದಿನ ಒಳಬಂದು ಹಿಂದಿನ ಬೆಂಚಲ್ಲಿ ಕೂತು
ಬ್ಯಾಂಕಿನ ಚಲನ್ ಮುಂದಿಟ್ಟಳು:
ಇದರಲ್ಲಿ ಎಲ್ಲಿ ಏನು ಬರೀಬೇಕು, ಅದನ್ನ ಕಲಿಸಿ.
ಅದು ಪಾಠದ ಪಟ್ಟಿಯಲ್ಲಿರಲಿಲ್ಲ. ನಾನೇ ಕಲಿಸಿದೆ.
ಅಷ್ಟೂ ಹೊತ್ತು ಹೇವನ್ ನನ್ನ ಪಕ್ಕ ನಿಂತಿದ್ದಳು,
ಕೈ ಎಲ್ಲಿಡಬೇಕೆಂದು ತಿಳಿಯದೆ.

ಆಮೇಲೆ ಕುಟುಂಬದ ಪಾಠ. ಹಲಗೆಯ ಮೇಲೆ ಫಾದರ್.
ಅವಳ ನಾಲಗೆಗೆ ಎಫ್ ಹತ್ತುವುದಿಲ್ಲ, ಪಾದೊ.
ನಮ್ಮ ಹುಡುಗರಿಗೂ ಹತ್ತುವುದಿಲ್ಲ, ಪಾದರ್.
ಯಾವ ಪಾದ್ರಿ ಟೀಚರ್, ಅಂದ ಆರೋಗ್ಯರಾಜ.
ನಗು ತಡೆದು ನಾನು ಅರ್ಥ ಹೇಳಿದೆ: ಅಪ್ಪ.

ಹೇವನ್ ಥಟ್ಟನೆ ತಿರುಗಿದಳು,
ಒಳಮನೆಯಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ.
ಏನಂದಿರಿ?
ಅಪ್ಪ.
ಅಪ್ಪಾ, ಅಂದಳು. ಇಂಗ್ಲಿಷಿನಲ್ಲಲ್ಲ, ತನ್ನದರಲ್ಲಿ.
ನನ್ನಪ್ಪ ಕುಲುಮೆಯ ಪಾಳಿ ಮುಗಿಸಿ
ಹುಬ್ಬು ಸುಟ್ಟುಕೊಂಡು ಬರುವಾಗ
ಬಾಗಿಲಲ್ಲಿ ನಾನು ಕೂಗುತ್ತಿದ್ದ ಹಾಗೇ
ಎರಡು ತುಟಿ ಸೇರಿಸಿ, ಒತ್ತಿ, ಬಿಟ್ಟಳು.

ಅವಳಪ್ಪ ಇದ್ದಾರೋ ಇಲ್ಲವೋ ನಾನು ಕೇಳಲಿಲ್ಲ.
ಕೇಳಲು ಬೇಕಾದಷ್ಟು ಇಂಗ್ಲಿಷ್ ಇಬ್ಬರಲ್ಲೂ ಇತ್ತು.

ಸಂಜೆಯ ಪ್ರಾರ್ಥನೆ. ಪರಲೋಕದಲ್ಲಿರುವ ನಮ್ಮ
ಎಂದು ಎಲ್ಲರೊಡನೆ ಶುರು ಮಾಡಿದವಳು
ಮುಂದಿನ ಪದದ ಹತ್ತಿರ ತಡವರಿಸಿದೆ.
ತಂದೆಯೇ, ತಂದೆಯೇ ಅಂತ ನಲವತ್ತು ವರ್ಷ
ಬೇರೆ ಯಾರದೋ ಮನೆಯ ಯಜಮಾನರನ್ನು
ಗೇಟಿನ ಹೊರಗೆ ನಿಂತು ಕರೆದೆನೇನೋ.
ಬಾಯೊಳಗೇ ಇನ್ನೊಂದು ಪದ ಹೇಳಿದೆ.
ಪಾಸ್ಟರಯ್ಯನಿಗೆ ಕೇಳಿಸಿರಲಿಕ್ಕಿಲ್ಲ.

ಜೂನಿನಲ್ಲಿ ಸೀಮೆಸುಣ್ಣ ಮತ್ತೆ ನನ್ನ ಕೈಗೆ ಬಂತು.
ಇನ್‌ಸ್ಪೆಕ್ಟರು ಚಿತ್ರ ತೋರಿಸಿ, ಇದೇನು ಮರಿ, ಅಂದರೆ
ಚಂದ್ರಿ ಎದ್ದು ನಿಂತು, ಕೈ ಕಟ್ಟಿ, ಗಟ್ಟಿಯಾಗಿ
ಬೊಸು, ಅಂದಳು.
ಯಾರ್ರೀ ಕಲಿಸಿದ್ದು ಈ ಇಂಗ್ಲಿಷು?
ನಾನೇ ಸಾರ್,
ಅಂದೆ.