ಹತ್ತಿದವೇನ?

ಸರ್ವೆ ಅನ್ನೂದನ್ನ ನಾ ಮೊದಲು ಕಲಿತದ್ದು
ಯಾವ ವಿಶ್ವವಿದ್ಯಾಲಯದಾಗೂ ಅಲ್ಲ.
ಹಳೇ ಬಾಗಲಕೋಟಿಯ ನಮ್ಮ ಓಣಿಗೆ
ಮುಳುಗಡಿ ಆಫೀಸಿನಾಂವ ಒಬ್ಬ ಬಂದು
ತಲಬಾಗಿಲಿಗೆ ಕೆಂಪು ಬಣ್ಣದಾಗ ಬರೆದ: ೬೧೪.
ಅವ್ವ ಅಡ್ಡ ನಿಂತಿದ್ದಳು.
ನಾಲ್ಕರ ಬಾಲ ಅವಳ ಸೆರಗಿಗೂ ಹತ್ತಿತು.
ಎಷ್ಟು ತೊಳೆದರೂ ಹೋಗಲಿಲ್ಲ.

ಮುಂದ ಇಪ್ಪತ್ತಾರು ವರ್ಷ
ಲಕ್ಷದ್ವೀಪದ ತಿಳಿನೀರಾಗ
ಮೂರಾಳು ಆಳಕ್ಕ ಇಳಿದು
ಮುರಿದ ಹವಳದ ತುಂಡು ಆರಿಸಿ
ಹಗ್ಗಕ್ಕ ಒಂದೊಂದನ್ನ ಕಟ್ಟಿ
ಪ್ಲಾಸ್ಟಿಕ್ ಬಿಲ್ಲೆ ಮ್ಯಾಲ ನಂಬರು ಬರೆದೆ,
ಒಂದರಿಂದ ಸಾವಿರದ ಇನ್ನೂರರ ತನಕ.
ಆರುನೂರಾ ಹದಿನಾಕು ಬಂದಾಗ ಕೈ ನಿಂತಿತು.
ಅದನ್ನ ಯಾವ ತುಂಡಿಗೂ ಕೊಡಲಿಲ್ಲ.
ವರದಿಯ ಅಡಿಟಿಪ್ಪಣಿ ನೋಡರಿ:
ಒಂದು ಬಿಲ್ಲೆ ಕಳೆದಿದೆ.

ಹವಳಕ್ಕ ತನ್ನ ಬಣ್ಣ ಅಂತ ಬಹಳ ಇಲ್ಲ.
ಇದನ್ನ ಮಂತ್ರಿಗಳಿಗೆ ತಿಳಿಸಿ ಹೇಳೂದು
ನೀರಾಗ ಇಳಿಯೂದಕ್ಕಿಂತ ಕಠಿಣ.
ಅದರ ಮೈಯಾಗ ಕಣ್ಣಿಗೆ ಕಾಣದ ಪಾಚಿ ಬಾಡಿಗಿ ಇರತಾವ,
ಬಿಸಿಲು ಉಂಡು ಸಕ್ಕರಿ ಮಾಡಿ
ತಿಂಗಳಿಗಲ್ಲ, ದಿನಾ ಬಾಡಿಗಿ ಕೊಡತಾವ.
ಬಣ್ಣ ಅವುಗಳದು.
ನೀರು ಒಂದು ಡಿಗ್ರಿ ಹೆಚ್ಚು ಕಾದು
ಕೆಲವು ವಾರ ಹಂಗ ನಿಂತರ
ಮನಿ ಯಜಮಾನಗ ತಲಿ ಕೆಡತದ,
ಬಾಡಿಗಿದಾರನ್ನ ಹೊರಗ ಹಾಕತಾನ,
ಆಮ್ಯಾಲ ತಾನೂ ಉಪಾಸ.

ನಮ್ಮ ಪಡಸಾಲ್ಯಾಗ ಬಾಡಿಗಿ ಇದ್ದ
ಟೇಲರ್ ಮೌಲಾಸಾಬ ಓಣ್ಯಾಗ ಎಲ್ಲಾರಿಗಿಂತ ಮೊದಲು ಹೋದ.
ಪರಿಹಾರದ ಪಟ್ಟ್ಯಾಗ ಅವನ ಹೆಸರಿರಲಿಲ್ಲ.
ಮಷೀನು ಕೈಗಾಡಿ ಏರಿತು.
ನೆಲದ ಮ್ಯಾಲ ಹಸಿರು, ಗುಲಾಬಿ, ಜರಿ ಅಂಚಿನ ಚಿಂದಿ
ಒಂದು ರಾತ್ರಿ ಬಿದ್ದಿದ್ದವು.
ಮುಂಜಾನೆ ಅವ್ವ ಗುಡಿಸಿದಳು.
ಪಡಸಾಲಿ ತುಂಬ ಬರೇ ಸುಣ್ಣ.

ಆ ಏಪ್ರಿಲ್ ನೀರಿಗಿಳಿದಾಗ ಕಂಡದ್ದೂ ಅದ.
ಹಗ್ಗದುದ್ದಕ್ಕೂ ಎಲ್ಲಾ ತುಂಡು
ದೀಪಾವಳಿಗೆ ಸುಣ್ಣ ಬಳಿದಂಗ.
ಸುಳ್ಳು ಯಾಕ ಹೇಳಲಿ, ಚಂದ ಕಾಣತಿದ್ದವು.
ನೀರೊಳಗ ಅತ್ತರ ಕನ್ನಡಕ ಮಬ್ಬಾಗತದ,
ಅದಕ್ಕ ಎಣಿಸಿದೆ.
ಬಿಳುಪು ಅಂದರ ಸಾವಲ್ಲ, ಹಸಿವು.
ಬಾಡಿಗಿದಾರರು ಹೊಳ್ಳಿ ಬಂದರ ಉಂಟು,
ಇಲ್ಲಂದರ ಹಂಗ ನಿಂತ ಕಲ್ಲು.
ಮಳೆಗಾಲ ಮುಗಿಸಿ ಮತ್ತ ಇಳಿದೆ.
ಎಂಬತ್ತೊಂಬತ್ತು ಮನಿಗೆ ಬಂದಿದ್ದರು.

ಅವ್ವ ಕಡಲು ನೋಡಿದಾಕಿ ಅಲ್ಲ.
ನವನಗರದ ಮನಿಯಾಗ
ಮೊಮ್ಮಕ್ಕಳ ಗದ್ದಲದ ನಡುವ ಫೋನು ಹಿಡಿದು
ಮೆಣಸಿನ ಸಸಿ ಕೇಳಿದಂಗ ಕೇಳತಿದ್ದಳು:
ಹತ್ತಿದವೇನ?
ಕೆಲವು ಹತ್ತಿದವು ಬೇ.
ಉಳಿದವು?
ಮತ್ತ ಹಚ್ಚತೀನಿ.
ಹಚ್ಚು ಮತ್ತ, ಅಂತ ಫೋನು ಇಡತಿದ್ದಳು.
ಆಕಿ ಹತ್ತಿದಳೋ ಇಲ್ಲೋ ಆ ಸೆಕ್ಟರಿನ ಮಣ್ಣಿಗೆ,
ಕೇಳುವ ಧೈರ್ಯ ನನಗ ಬರಲಿಲ್ಲ.

ಹೋದ ವರ್ಷ ರಿಟೈರಾದೆ.
ಮೇ ತಿಂಗಳು ಹಿನ್ನೀರು ಇಳಿದಿತ್ತು.
ತಮ್ಮನ ಬೈಕಿನ ಹಿಂದ ಕೂತು ಹೋದೆ.
ಮೊಣಕಾಲಿನಷ್ಟು ಗೋಡಿ, ಹೊಸ್ತಿಲ ಕಲ್ಲು.
ಬಾಗಿಲೂ ಇಲ್ಲ, ನಂಬರೂ ಇಲ್ಲ.
ರೂಢಿ ಬಿಡಬೇಕಲ್ಲ, ಕೂತು ನೋಡಿದೆ:
ಹೊಸ್ತಿಲ ಸಂದಿನ ಹಸಿಯಾಗ ಸಣ್ಣ ಶಂಖದ ಹುಳ
ಕಲ್ಲು ಕಚ್ಚಿ ಹಿಡಿದಿದ್ದವು.
ಎಣಿಸಿದೆ, ಮೂವತ್ತೆರಡು.

ರಾತ್ರಿ ಅವ್ವಗ ಹೇಳಿದೆ:
ನಮ್ಮ ಹಳೇ ಮನ್ಯಾಗ ಯಾರೋ ಇರತಾರ ಬೇ.
ಆಕಿ ಎಲಿಗೆ ಸುಣ್ಣ ಹಚ್ಚುತ್ತ
ತಲಿ ಎತ್ತದ ಕೇಳಿದಳು:
ಬಾಡಿಗಿ ಏನ ಕೊಡತಾರಂತ?