ಹದಿನೇಳನೇ ಚೌಕ

ಇಪ್ಪತ್ತು ಮೀಟರಿಗೆ ಇಪ್ಪತ್ತು ಮೀಟರ್ ಹಗ್ಗ,
ನಾಲ್ಕು ಮೂಲೆಗೆ ನಾಲ್ಕು ಗೂಟ.
ಒಳಗೆ ಬಿದ್ದದ್ದು ಲೆಕ್ಕ, ಹೊರಗುಳಿದದ್ದು ಕಾಡು.

ಹೆಗ್ಗಡದೇವನಕೋಟೆ ದಾಟಿ, ಕಬಿನಿ ಹಿನ್ನೀರಿನ ಈಚೆ
ಮೂರು ವಾರದಿಂದ ಇದೇ ಕೆಲಸ:
ಮೆಳೆ ಎಷ್ಟು, ಮೆಳೆಗೆ ಗಳ ಎಷ್ಟು,
ಹಸಿಯೆಷ್ಟು, ಒಣಗಿದ್ದೆಷ್ಟು, ಆನೆ ಮುರಿದದ್ದೆಷ್ಟು.
ಕೊನೆಯ ಕಾಲಂ: ಉಪಯೋಗ.

ಜಡಿಯ ಮುಂದೆ, ನಾನು ಹಿಂದೆ.
ಹೊಳೆಯಂಚಿಗೆ ಹೆಬ್ಬಿದಿರು, ಮುಳ್ಳಿನ ಸೆರಗು ಹರವಿ ಕೂತಿದೆ;
ಕಲ್ಲಿನ ಏರಿಗೆ ಕಿರುಬಿದಿರು, ಒಳಗೆ ಟೊಳ್ಳೇ ಇಲ್ಲ.
"ನೀರು ಕಾಣದ್ದು ಗಟ್ಟಿ" ಅನ್ನುತ್ತಾನೆ.
ನಾನು ಲ್ಯಾಟಿನ್ ಹೆಸರು ಬರೆಯುತ್ತೇನೆ,
ಅವನು ಕತ್ತಿಯ ಹಿಂಬದಿಯಲ್ಲಿ ಬಡಿದು, ಕಿವಿಗೊಡುತ್ತಾನೆ.
ಇಬ್ಬರದೂ ಇದುವರೆಗೆ ತಪ್ಪಿಲ್ಲ.

ನಾನು ಬೆಳೆದದ್ದು ಮೈಸೂರಿನ ಬಂಬೂ ಬಜಾರಿನ ಹಿಂದೆ.
ಬಿದಿರೆಂದರೆ ಗೋಡೆಗೊರಗಿದ ಏಣಿ, ದಿನಕ್ಕಿಷ್ಟು ಬಾಡಿಗೆ;
ಅದಕ್ಕೆ ಬೇರುಂಟೆಂದು ತಿಳಿದದ್ದು ಕಾಲೇಜಿಗೆ ಬಂದ ಮೇಲೆ.
ಜಡಿಯನಿಗೆ ಹೇಳಿದೆ. ಬಹಳ ಹೊತ್ತು ನಕ್ಕ.

ಹದಿನೇಳನೇ ಚೌಕದಲ್ಲಿ ಲೆಕ್ಕ ನಿಂತಿತು.
ಮೂಲೆಯ ಗೂಟದ ಪಕ್ಕ, ಲಂಟಾನ ಸರಿಸಿದರೆ
ಒಂದೇ ಒಂದು ಮೆಳೆ, ಅರಿಶಿನ ಬಣ್ಣ,
ಗೆಣ್ಣಿಂದ ಗೆಣ್ಣಿಗೆ ಹಸಿರು ಗೀರು:
ಬಂಗಲೆ ಕೈತೋಟದ ಬಿದಿರು.
ಬುಡದಲ್ಲಿ ಮೂರು ಕಲ್ಲು, ಮುಖ ಕೂಡಿಸಿ, ಪಾಚಿ ಹತ್ತಿ.

ಇದು ಇಲ್ಲಿಗೆ ಹೇಗೆ ಬಂತು?
ಹಾಳೆಯಲ್ಲಿ ಆಯ್ಕೆ ಐದು:
ಗಾಳಿ, ನೀರು, ಹಕ್ಕಿ, ಮೃಗ, ತಿಳಿಯದು.

"ಅವ್ವ ತಂದ್ಲು" ಅಂದ ಜಡಿಯ.
"ನರ್ಸರಿ ಕೂಲಿಗೆ ಹೋದಾಗ, ಮಡಿಲಲ್ಲಿ ಒಂದು ತುಂಡು.
ಬಣ್ಣ ಚೆಂದ ಅಂತ."
ಆಮೇಲೆ, ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸುತ್ತ,
"ನಮ್ಮನ್ನ ಲಾರಿ ಹತ್ತಿಸಿದಾಗ ಇದು ನನ್ನ ಮೊಣಕಾಲುದ್ದ."

ನಿಯಮ ನನಗೆ ಬಾಯಿಪಾಠ:
ಹೊರಗಿನ ತಳಿ. ಕಿತ್ತುಹಾಕಲು ಶಿಫಾರಸು. ಕೆಂಪು ಶಾಯಿ.

ಅವನು ಒಂದು ಕಲ್ಲಿನ ಮೇಲೆ ಕೂತ.
ಬೀಡಿ ಹಚ್ಚಲಿಲ್ಲ, ಕಾಡಿನೊಳಗೆ ಹಚ್ಚುವುದಿಲ್ಲ ಅವನು,
ಬರಿದೆ ತುಟಿಯಲ್ಲಿಟ್ಟುಕೊಂಡ.
ಎಣಿಸಿದೆ: ಗಳ ನಲವತ್ತೊಂದು, ಕಳಲೆ ಆರು.
ಎರಡನ್ನು ಆನೆ ತಿಂದಿತ್ತು;
ಅದಕ್ಕೆ ತಳಿಯ ತಕರಾರಿಲ್ಲ.

"ಉಪಯೋಗ ಏನಂತ ಬರೀಲಿ?"
"ಏನೂ ಇಲ್ಲ. ಮೊರಕ್ಕಾಗಲ್ಲ, ಬುಟ್ಟಿಗಾಗಲ್ಲ,
ಕಡಿದ ತಿಂಗಳಿಗೇ ಹುಳ ಬೀಳ್ತದೆ."

ಪೆನ್ನು ಮುಚ್ಚಿದೆ.
ಮೂಲೆಯ ಗೂಟ ಕಿತ್ತು
ನಾಲ್ಕು ಹೆಜ್ಜೆ ಈಚೆ ನೆಟ್ಟೆ, ಕಲ್ಲಿಂದ ಬಡಿದೆ.

ಜಡಿಯ ಹಗ್ಗವನ್ನೇ ನೋಡಿದ.
"ಚೌಕ ಸೊಟ್ಟ ಆಯ್ತಲ್ಲ, ಮೇಡಂ."